ಮೂರಡಿ ಪಟ್‌ಗೆ ಕೈ ಜರ್ಕ್ ಹೊಡೆಯುತ್ತಿದೆಯಾ? ಗ್ರಿಪ್, ಉದ್ದ ಪಟರ್, ಮಾತ್ರೆ, ಡಾಕ್ಟರ್: ಯಾರಿಗೆ ಯಾವುದು

ಗಾಲ್ಫ್‌ನಲ್ಲಿ ಮೂವತ್ತು ಅಡಿ ದೂರದಿಂದ ಚೆಂಡನ್ನು ಹೋಲ್ ಪಕ್ಕಕ್ಕೆ ತಂದು ನಿಲ್ಲಿಸುತ್ತೀರಿ. ಉಳಿದಿರುವುದು ಎರಡೂವರೆ ಅಡಿ. ಅಲ್ಲಿ ಕೈ ಮಾತು ಕೇಳುವುದಿಲ್ಲ. ಪಟರ್ (ಚೆಂಡನ್ನು ಹೋಲ್‌ಗೆ ಉರುಳಿಸುವ ಕೋಲು, ಆ ಹೊಡೆತವೇ ಪಟ್) ಚೆಂಡಿಗೆ ತಾಗುವ ಹೊತ್ತಿಗೆ ಸರಿಯಾಗಿ ಬಲಗೈ ಮಣಿಕಟ್ಟು ತಾನಾಗಿಯೇ ಜರ್ಕ್ ಹೊಡೆಯುತ್ತದೆ, ಚೆಂಡು ಹೋಲ್ ದಾಟಿ ಇನ್ನೂ ನಾಲ್ಕಡಿ ಓಡುತ್ತದೆ. ಗಾಲ್ಫ್ ಆಡುವವರು ಇದನ್ನು ಯಿಪ್ಸ್ ಅನ್ನುತ್ತಾರೆ. ನನಗಿದೆ ಅಂತ ಹೇಳಿಕೊಳ್ಳಲು ಮಾತ್ರ ಯಾರೂ ತಯಾರಿಲ್ಲ.

ಸಲಹೆಗೆ ಬರ ಇಲ್ಲ. ಒಬ್ಬರು ಗ್ರಿಪ್, ಅಂದರೆ ಹಿಡಿತ ಬದಲಿಸಿ ಅನ್ನುತ್ತಾರೆ. ಇನ್ನೊಬ್ಬರು ಉದ್ದ ಪಟರ್ ತೋರಿಸುತ್ತಾರೆ. ಬಿಪಿ ಮಾತ್ರೆಯ ಗುಟ್ಟು ಹೇಳುವವರಿದ್ದಾರೆ, ಒಂದು ಪೆಗ್ ಹಾಕಿಕೊಂಡು ಹೋಗಿ ಅನ್ನುವವರೂ ಇದ್ದಾರೆ. ತಮಾಷೆ ಏನೆಂದರೆ, ಇದರಲ್ಲಿ ಪ್ರತಿಯೊಂದೂ ಎಲ್ಲೋ ಯಾರಿಗೋ ಕೆಲಸ ಮಾಡಿದೆ. ಹಾಗಾಗಿ ಇನ್ನೊಬ್ಬರಿಗೆ ಗುಣ ಆಯಿತು ಎನ್ನುವುದು ನಿಮಗೆ ಆಧಾರ ಆಗುವುದಿಲ್ಲ. ನಿಮ್ಮ ಕೈಯಲ್ಲಿ ನಡೆಯುತ್ತಿರುವುದು ಏನು ಎನ್ನುವುದೇ ಆಧಾರ.

(ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.)

ಖರ್ಚು ಮಾಡುವ ಮುಂಚೆ: ನಿಮ್ಮದು ಯಾವ ಬಗೆ?

ಅಮೆರಿಕದ ಮೇಯೊ ಕ್ಲಿನಿಕ್‌ನವರು ಯಿಪ್ಸ್ ಇರುವ ಗಾಲ್ಫರ್‌ಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರು ಇದನ್ನು ಎರಡು ಬಗೆಯಾಗಿ ನೋಡುತ್ತಾರೆ.

ಮೊದಲನೆಯದು ನರಗಳ ಕಡೆಯದು. ಬರೆಯುವವರಿಗೆ ಪೆನ್ನು ಹಿಡಿದಾಗ ಮಾತ್ರ ಕೈ ಸೆಟೆದುಕೊಳ್ಳುವ ತೊಂದರೆ ಇರುತ್ತದಲ್ಲ, ಅದೇ ಕುಟುಂಬದ್ದು. ಡಾಕ್ಟರ್‌ಗಳು ಫೋಕಲ್ ಡಿಸ್ಟೋನಿಯಾ ಅನ್ನುತ್ತಾರೆ. ಮಣಿಕಟ್ಟನ್ನು ಮಡಿಸುವ ಸ್ನಾಯು, ಬಿಚ್ಚುವ ಸ್ನಾಯು ಸರದಿ ಪ್ರಕಾರ ಕೆಲಸ ಮಾಡಬೇಕು. ಇಲ್ಲಿ ಎರಡೂ ಒಂದೇ ಸಲ ಬಿಗಿಯುತ್ತವೆ. ಯಿಪ್ಸ್ ಇರುವ ಕೆಲವರ ಮುಂಗೈಯಲ್ಲಿ ಇದನ್ನು ಯಂತ್ರ ಹಚ್ಚಿ ಅಳೆದೂ ನೋಡಿದ್ದಾರೆ. ಸಾವಿರಾರು ಸಲ ಒಂದೇ ಸಣ್ಣ ಚಲನೆ ಮಾಡಿದವರಲ್ಲಿ ಇದು ಜಾಸ್ತಿ. ಅದಕ್ಕೇ ಹೊಸಬರಿಗಿಂತ ಇಪ್ಪತ್ತು ಮೂವತ್ತು ವರ್ಷ ಚೆನ್ನಾಗಿ ಆಡಿದವರಿಗೆ ಕಾಟ ಹೆಚ್ಚು.

ಎರಡನೆಯದು ಒತ್ತಡದ್ದು. ಪಂದ್ಯ, ಪಣ, ನೋಡುವ ಜನ. ಗಮನ ಚೆಂಡಿನಿಂದ ಕೈಗೆ ಜಾರುತ್ತದೆ, ತಾನಾಗಿ ಆಗುತ್ತಿದ್ದ ಕೆಲಸ ಕೆಡುತ್ತದೆ. ಇವೆರಡರ ನಡುವೆ ಗೋಡೆ ಇಲ್ಲ. ಬಹಳ ಜನ ಮಧ್ಯದಲ್ಲೆಲ್ಲೋ ಇರುತ್ತಾರೆ. ನರದ ತೊಂದರೆ ಇರುವವರಿಗೂ ಪಂದ್ಯದ ದಿನ ಅದು ಜೋರಾಗುತ್ತದೆ.

ನೀವೇ ಗ್ರೀನ್ (ಹೋಲ್ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ) ಮೇಲೆ ಮಾಡಬಹುದಾದ ಪರೀಕ್ಷೆ ಹೀಗಿದೆ. ಸಂಜೆ ಯಾರೂ ಇಲ್ಲದಾಗ ಪ್ರಾಕ್ಟೀಸ್ ಗ್ರೀನ್‌ಗೆ ಹೋಗಿ ಮೂರಡಿಯಿಂದ ಒಂದಷ್ಟು ಪಟ್ ಹೊಡೆಯಿರಿ. ಫೋನನ್ನು ಸ್ಲೋ ಮೋಷನ್‌ನಲ್ಲಿಟ್ಟು ಪಟರ್ ತಲೆಯನ್ನು ಚಿತ್ರೀಕರಿಸಿ. ಒಬ್ಬರೇ ಇದ್ದಾಗಲೂ ಜರ್ಕ್ ಬರುತ್ತಿದ್ದರೆ ಮೊದಲ ಬಗೆಯ ಅನುಮಾನ ಜಾಸ್ತಿ. ಒಬ್ಬರೇ ಇದ್ದಾಗ ಬೆಣ್ಣೆಯಂತೆ ಹೋಗಿ, ಸ್ಕೋರ್ ಕಾರ್ಡ್ ಕೈಗೆ ಬಂದ ಕೂಡಲೇ ಕೆಟ್ಟರೆ ಎರಡನೆಯದು. ಆಮೇಲೆ ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ ಪಟ್ ಮಾಡಿ ನೋಡಿ. ಯಾವ ಕೈ ಕಳ್ಳ ಎಂದು ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಬಲಗೈ ಆಟಗಾರರಲ್ಲಿ ಹೆಚ್ಚಾಗಿ ಬಲಗೈಯೇ.

ಇನ್ನೊಂದು ಮಾತು. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ, ಗುಂಡಿ ಹಾಕುವಾಗಲೂ ಕೈ ನಡುಗುತ್ತಿದ್ದರೆ, ಅಥವಾ ಸುಮ್ನೆ ತೊಡೆ ಮೇಲಿಟ್ಟ ಕೈ ನಡುಗುತ್ತಿದ್ದರೆ, ಅದು ಯಿಪ್ಸ್ ಅಲ್ಲ. ಥೈರಾಯಿಡ್, ಆಸ್ತಮಾ ಇನ್‌ಹೇಲರ್, ಕೆಲವು ಮಾತ್ರೆಗಳು, ವಂಶದಲ್ಲಿ ಬರುವ ನಡುಕ, ಪಾರ್ಕಿನ್ಸನ್ ಹೀಗೆ ಕಾರಣ ಬೇರೆ ಇರಬಹುದು. ಆಗ ಮುಂದಿನದನ್ನು ಓದುವುದು ಆಮೇಲೆ, ಡಾಕ್ಟರ್ ಮೊದಲು. ಒಂದು ಪೆಗ್ ಹಾಕಿದರೆ ನಡುಕ ಕಡಿಮೆಯಾಗುತ್ತದೆ ಅನ್ನುವುದನ್ನೂ ಅವರಿಗೆ ಹೇಳಿ. ವಂಶದ ನಡುಕಕ್ಕೆ ಅದೊಂದು ಸುಳಿವು. ಔಷಧ ಅಂದುಕೊಳ್ಳಬೇಡಿ.

ಯಾವುದರಿಂದ ಅಳೆಯುವುದು

ನಾನು ಆಯ್ಕೆಗಳನ್ನು ತೂಗುವುದು ಐದು ಪ್ರಶ್ನೆಗಳಿಂದ. ಹಳೆಯ ಚಲನೆಯಿಂದ ಇದು ಎಷ್ಟು ದೂರ ಒಯ್ಯುತ್ತದೆ? ಪಂದ್ಯದಲ್ಲಿ ನಿಯಮ ಒಪ್ಪುತ್ತದಾ? ಎಷ್ಟು ದುಡ್ಡು? ಕಲಿಯುವಾಗ ಏನು ಕಳೆದುಕೊಳ್ಳುತ್ತೀರಿ, ಅಂದರೆ ಉದ್ದ ಪಟ್‌ನ ಅಂದಾಜು ಎಷ್ಟು ಕೆಡುತ್ತದೆ? ಎಷ್ಟು ಕಾಲ ಬಾಳುತ್ತದೆ?

ಮೊದಲ ಪ್ರಶ್ನೆಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಮೊದಲ ಬಗೆಯವರಲ್ಲಿ ಕೆಟ್ಟಿರುವುದು ಮೆದುಳಿನಲ್ಲಿ ಕೂತ ಒಂದು ನಿರ್ದಿಷ್ಟ ಚಲನೆ. ಅದನ್ನೇ ಇನ್ನೂ ಜಾಸ್ತಿ ಅಭ್ಯಾಸ ಮಾಡಿದರೆ ಸರಿಹೋಗುವುದು ಅಪರೂಪ. ಕೈಗೆ "ಇದು ಬೇರೆ ಕೆಲಸ" ಅನ್ನಿಸಬೇಕು. ಎಷ್ಟು ಬೇರೆ ಅನ್ನಿಸುತ್ತದೋ ಅಷ್ಟು ಲಾಭ.

ಜರ್ಕ್ ಎಷ್ಟು ಸಣ್ಣದಾದರೂ ಸಾಕು ಎನ್ನುವುದಕ್ಕೆ ಲೆಕ್ಕ ನೋಡಿ. ಹೋಲ್‌ನ ಅಗಲ 4.25 ಇಂಚು. ಮೂರಡಿಯಿಂದ ಚೆಂಡು ನಡು ಗೆರೆಯಿಂದ ಮೂರೂವರೆ ಡಿಗ್ರಿ ಆಚೆ ಹೊರಟರೆ ಅದರ ನಡುಭಾಗ ಹೋಲ್ ಅಂಚಿನ ಹೊರಗೆ. ಹತ್ತಡಿಯಿಂದಾದರೆ ಒಂದು ಡಿಗ್ರಿಯೇ ಸಾಕು.

ಹಿಡಿತ ಬದಲಿಸುವುದು

ಖರ್ಚು ಸೊನ್ನೆ. ಇಲ್ಲಿಂದಲೇ ಶುರು ಮಾಡಿ.

ಎಡಗೈ ಕೆಳಗೆ ಇಟ್ಟು ಹಿಡಿಯುವುದು ಎಲ್ಲಕ್ಕಿಂತ ಸುಲಭ. ಭುಜಗಳು ಸಮ ಆಗುತ್ತವೆ, ಎಡ ಮಣಿಕಟ್ಟು ಮಡಿಯುವುದು ಕಡಿಮೆಯಾಗುತ್ತದೆ. ಆದರೆ ಬಲಗೈ ಇನ್ನೂ ಹಿಡಿಯ ಸುತ್ತ ಬೆರಳು ಸುತ್ತಿಕೊಂಡೇ ಇರುತ್ತದೆ. ಕಳ್ಳ ಮನೆಯೊಳಗೇ ಇದ್ದಾನೆ. ಸಣ್ಣ ಯಿಪ್ಸ್‌ಗೆ ಸಾಕು, ದೊಡ್ಡದಕ್ಕೆ ಸಾಲದು.

ಕ್ಲಾ ಗ್ರಿಪ್‌ನಲ್ಲಿ ಬಲಗೈ ಹಿಡಿಯನ್ನು ಮುಷ್ಟಿ ಮಾಡುವುದಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಶಾಫ್ಟ್ (ಪಟರ್‌ನ ದಂಡ) ಕೂರುತ್ತದೆ, ಅಂಗೈ ನಿಮ್ಮ ಕಡೆ ತಿರುಗಿರುತ್ತದೆ. ಬಲ ಮಣಿಕಟ್ಟಿಗೆ ಜರ್ಕ್ ಹೊಡೆಯಲು ಜಾಗವೇ ಸಿಗುವುದಿಲ್ಲ. ಸೆರ್ಜಿಯೊ ಗಾರ್ಸಿಯಾ 2017ರ ಮಾಸ್ಟರ್ಸ್ ಟೂರ್ನಿ ಗೆದ್ದದ್ದು ಇದೇ ಹಿಡಿತದಲ್ಲಿ. ಇದರ ತೊಂದರೆ ಗೊತ್ತಾಗುವುದು ನಲವತ್ತಡಿ ಪಟ್‌ಗೆ. ದೂರ ಅಳೆಯುವ ಬಲಗೈ ಬೆರಳುಗಳೇ ಕೆಲಸ ಬಿಟ್ಟಿರುತ್ತವೆ, ಮೊದಲ ಕೆಲವು ವಾರ ಚೆಂಡು ಒಂದೋ ಅರ್ಧದಲ್ಲೇ ನಿಲ್ಲುತ್ತದೆ, ಇಲ್ಲ ಗ್ರೀನ್ ದಾಟುತ್ತದೆ. ಇದಕ್ಕೆ ಒಂದು ಸರಳ ದಾರಿ ಇದೆ. ಉದ್ದದ್ದಕ್ಕೆ ಹಳೇ ಹಿಡಿತ, ಹದಿನೈದಡಿಯ ಒಳಗೆ ಕ್ಲಾ. ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ.

ಹಿಡಿತದ ವಿಷಯದಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಕಥೆ ಹೇಳದೆ ಮುಂದೆ ಹೋಗಲಾಗದು. ಜರ್ಮನಿಯ ಈತನಿಗೆ ಯಿಪ್ಸ್ ಒಂದು ಸಲ ಅಲ್ಲ, ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಬೇರೆ ದಾರಿ ಹುಡುಕಿದರು. ಒಂದು ಹಂತದಲ್ಲಿ ಎಡಗೈಯನ್ನು ಶಾಫ್ಟ್‌ನ ಕೆಳಭಾಗದಲ್ಲಿ ಇಟ್ಟು, ಪಟರ್‌ನ ಹಿಡಿಯನ್ನು ಎಡ ಮುಂಗೈಗೆ ಸೇರಿಸಿ ಬಲಗೈಯಿಂದ ಒತ್ತಿ ಹಿಡಿಯುತ್ತಿದ್ದರು. ನೋಡಲು ಕೈ ಮುರಿದವರ ಹಾಗೆ ಕಾಣುತ್ತಿತ್ತು. 1993ರಲ್ಲಿ ಎರಡನೇ ಸಲ ಮಾಸ್ಟರ್ಸ್ ಗೆದ್ದರು. ಮುಂದೆ ಉದ್ದ ಪಟರ್‌ಗೆ ಬಂದರು, 2023ರಲ್ಲಿ 65ನೇ ವಯಸ್ಸಿನಲ್ಲಿ ಅಮೆರಿಕದ ಸೀನಿಯರ್ ಓಪನ್ ಗೆದ್ದರು. ಒಂದು ಪರಿಹಾರ ಕೆಲವು ವರ್ಷ ಬಾಳಿದರೆ ಅದು ಒಳ್ಳೆಯ ಪರಿಹಾರವೇ. ಜೀವನಪೂರ್ತಿ ಬಾಳಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ.

ದಪ್ಪ ಹಿಡಿ, ಭಾರದ ಪಟರ್

ಬೆರಳು ಸುತ್ತಲಾರದಷ್ಟು ದಪ್ಪ ರಬ್ಬರ್ ಹಿಡಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಪ್ರೋ ಶಾಪ್‌ನಲ್ಲಿ ಹತ್ತು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಭಾರ ಹೆಚ್ಚಿಸಿದ ಪಟರ್‌ಗಳೂ ಇವೆ. ಕ್ಲಾ ಜೊತೆಗೆ ಇವು ಒಳ್ಳೆಯ ಜೋಡಿ. ಇವನ್ನೇ ನಂಬಿಕೊಂಡು ನಿಜವಾದ ಜರ್ಕ್ ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಚಲನೆ ಅದೇ ಉಳಿಯುತ್ತದೆ.

ಮುಂಗೈಗೆ ಒರಗಿಸುವ ಆರ್ಮ್‌ಲಾಕ್

ಮಾಮೂಲಿ ಪಟರ್ 33ರಿಂದ 35 ಇಂಚು. ಆರ್ಮ್‌ಲಾಕ್ ಪಟರ್ 40 ಇಂಚಿನ ಆಸುಪಾಸು. ಉಳಿದ ಉದ್ದ ಎಡ ಮುಂಗೈಗೆ ತಾಗಿಕೊಂಡು ನಿಲ್ಲುತ್ತದೆ, ಎಡ ಮಣಿಕಟ್ಟು ಮಡಿಯುವುದೇ ಇಲ್ಲ. ಮ್ಯಾಟ್ ಕೂಚರ್ ವರ್ಷಗಟ್ಟಲೆ ಹೀಗೆ ಆಡಿದರು, ಬ್ರೈಸನ್ ಡಿಶಾಂಬೊ 2020ರ ಯುಎಸ್ ಓಪನ್ ಗೆದ್ದರು. ನಿಯಮ ಸ್ಪಷ್ಟವಾಗಿ ಒಪ್ಪುತ್ತದೆ.

ಇಲ್ಲಿ ಹುಷಾರಾಗಿರಬೇಕಾದ್ದು ಒಂದಿದೆ. ಹಳೇ ಪಟರ್‌ಗೆ ಉದ್ದದ ಶಾಫ್ಟ್ ಹಾಕಿಸಿದರೆ ಕೆಲಸ ಆಗುವುದಿಲ್ಲ. ಹೀಗೆ ಹಿಡಿದಾಗ ಶಾಫ್ಟ್ ಮುಂದಕ್ಕೆ ಬಾಗುತ್ತದೆ, ಚೆಂಡಿಗೆ ತಾಗುವ ಪಟರ್ ಮುಖದ ಇಳಿಜಾರು ಸತ್ತುಹೋಗುತ್ತದೆ, ಚೆಂಡು ಹುಲ್ಲಿಗೆ ಒತ್ತಿ ಕುಪ್ಪಳಿಸುತ್ತದೆ. ಆರ್ಮ್‌ಲಾಕ್‌ಗಾಗಿಯೇ ಮಾಡಿದ ಪಟರ್‌ಗಳಲ್ಲಿ ಈ ಇಳಿಜಾರು ಮಾಮೂಲಿಗಿಂತ ಹೆಚ್ಚು ಕೊಟ್ಟಿರುತ್ತಾರೆ. ಎಡ ಮಣಿಕಟ್ಟು ಕುಸಿಯುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬಲಗೈ ಜರ್ಕ್ ಜೋರಾಗಿದ್ದರೆ ಅದು ಇಡೀ ತೋಳನ್ನೇ ತಳ್ಳಿಕೊಂಡು ಹೋಗುವುದುಂಟು. ಆಗ ಆರ್ಮ್‌ಲಾಕ್ ಜೊತೆಗೆ ಬಲಗೈ ಕ್ಲಾ ಸೇರಿಸಬೇಕಾಗುತ್ತದೆ.

ಪೊರಕೆಯಷ್ಟು ಉದ್ದದ ಪಟರ್

46ರಿಂದ 50 ಇಂಚು. ಎಡಗೈ ಎದೆಯ ಹತ್ತಿರ ಮೇಲುತುದಿಯನ್ನು ಹಿಡಿದು ನಿಲ್ಲುತ್ತದೆ, ಬಲಗೈ ಕೆಳಗೆ ಸುಮ್ನೆ ತೂಗುತ್ತದೆ. ಮಣಿಕಟ್ಟಿಗೆ ಕೆಲಸವೇ ಇಲ್ಲ. ಹಳೆಯ ಚಲನೆಯಿಂದ ಇಷ್ಟು ದೂರ ಹೋಗುವ ಆಯ್ಕೆ ಅಂಗಡಿಯಲ್ಲಿ ಬೇರೆ ಸಿಗುವುದಿಲ್ಲ.

ಲೂಕಸ್ ಗ್ಲೋವರ್ 2009ರಲ್ಲಿ ಯುಎಸ್ ಓಪನ್ ಗೆದ್ದವರು. ಆಮೇಲೆ ವರ್ಷಗಟ್ಟಲೆ ಸಣ್ಣ ಪಟ್‌ಗೆ ಕೈ ಕೊಟ್ಟಿತು. 2023ರಲ್ಲಿ ಉದ್ದ ಪಟರ್ ಹಿಡಿದರು, ಅದೇ ಆಗಸ್ಟ್‌ನಲ್ಲಿ ಪಿಜಿಎ ಟೂರ್‌ನಲ್ಲಿ ಒಂದರ ಹಿಂದೆ ಒಂದು ಎರಡು ಪಂದ್ಯ ಗೆದ್ದರು. ಯಿಪ್ಸ್ ಇರುವವರೆಲ್ಲ ಆ ಎರಡು ವಾರ ಟಿವಿ ಮುಂದೆ ಕೂತಿದ್ದರೆ ಆಶ್ಚರ್ಯ ಇಲ್ಲ.

ನಿಯಮದ ಗೊಂದಲ ಇಲ್ಲೇ ಜಾಸ್ತಿ. ಉದ್ದ ಪಟರ್ ನಿಷೇಧ ಆಗಿದೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಪಟರ್ ಇಷ್ಟಕ್ಕಿಂತ ಉದ್ದ ಇರಬಾರದು ಅಂತ ಮಿತಿಯೇ ಇಲ್ಲ. 2016ರ ಜನವರಿ 1ರಿಂದ ನಿಷೇಧ ಆದದ್ದು ಅದನ್ನು ದೇಹಕ್ಕೆ ಆನಿಸಿ ಹೊಡೆಯುವುದು. ಪಟರ್ ತುದಿಯಾಗಲಿ, ಅದನ್ನು ಹಿಡಿದ ಕೈಯಾಗಲಿ ಎದೆಗೆ, ಹೊಟ್ಟೆಗೆ, ಗದ್ದಕ್ಕೆ ಒತ್ತಿ ಹಿಡಿಯುವಂತಿಲ್ಲ. ಮುಂಗೈಯನ್ನು ದೇಹಕ್ಕೆ ಒತ್ತಿ ಅದರಿಂದ ಮೇಲಿನ ಕೈಗೆ ಗಟ್ಟಿ ಆಸರೆ ಮಾಡಿಕೊಳ್ಳುವುದೂ ತಪ್ಪು. ಕೈ ಎದೆಯಿಂದ ಬೆರಳಗಲ ದೂರ ಇದ್ದರೂ ಸರಿ. ತಪ್ಪಿದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಹೊಡೆತ ದಂಡ, ಮ್ಯಾಚ್ ಪ್ಲೇಯಲ್ಲಿ (ಹೋಲ್ ಹೋಲ್‌ಗೂ ಗೆಲುವು ಎಣಿಸುವ ಆಟ) ಆ ಹೋಲ್ ಹೋದಂತೆ. ಹಾಗಾಗಿ 2013ರಲ್ಲಿ ಆಡಮ್ ಸ್ಕಾಟ್ ಮಾಸ್ಟರ್ಸ್ ಗೆದ್ದ ವಿಡಿಯೊ ನೋಡಿ ಹಿಡಿತ ಕಲಿಯಬೇಡಿ. ಆಗ ಆನಿಸುವುದಕ್ಕೆ ಅವಕಾಶ ಇತ್ತು.

ತೊಂದರೆಗಳೂ ಇವೆ. ಒಳ್ಳೆಯದು ಬೇಕೆಂದರೆ ಹತ್ತಾರು ಸಾವಿರ ರೂಪಾಯಿ. ನಮ್ಮ ಕಡೆ ಅಂಗಡಿಗಳಲ್ಲಿ ಮಾಮೂಲಿ ಉದ್ದದವೇ ಇರುವುದು ಹೆಚ್ಚು, ಇದನ್ನು ತರಿಸಬೇಕಾಗುತ್ತದೆ. ಮೂವತ್ತಡಿ ಮೇಲಿನ ಪಟ್‌ಗಳಲ್ಲಿ ಅಂದಾಜು ಬರಲು ತಿಂಗಳುಗಳೇ ಹಿಡಿಯಬಹುದು. ಜೋರು ಗಾಳಿಯಲ್ಲಿ ತೂಗಾಡುತ್ತದೆ. ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್‌ನಲ್ಲಾಗಲಿ ಮೈಸೂರಿನ ಕೋರ್ಸ್‌ನಲ್ಲಾಗಲಿ ಯಾರ ಬ್ಯಾಗ್‌ನಲ್ಲಾದರೂ ಒಂದು ಕಂಡರೆ ನಾಚಿಕೆ ಬಿಟ್ಟು ಕೇಳಿ, ಅರ್ಧ ಗಂಟೆ ಪ್ರಾಕ್ಟೀಸ್ ಗ್ರೀನ್‌ನಲ್ಲಿ ಆಡಿ ನೋಡಿ. ಕೈ ಸುಮ್ಮನಾಯಿತಾ ಇಲ್ಲವಾ ಅಷ್ಟರಲ್ಲೇ ಗೊತ್ತಾಗುತ್ತದೆ. ಬ್ಯಾಗ್‌ನಲ್ಲಿ 14 ಕ್ಲಬ್‌ನ (ಹೊಡೆಯುವ ಕೋಲುಗಳ) ಮಿತಿಯೊಳಗೆ ಎರಡು ಪಟರ್ ಇಟ್ಟುಕೊಳ್ಳಬಹುದು ಎನ್ನುವುದೂ ನೆನಪಿರಲಿ. ಬಹಳ ಜನರ ಬ್ಯಾಗ್‌ನಲ್ಲಿ ಧೂಳು ತಿನ್ನುವ ಒಂದು ಉದ್ದ ಐರನ್ ಇದ್ದೇ ಇರುತ್ತದೆ, ಅದನ್ನು ಮನೆಯಲ್ಲಿ ಬಿಡಿ.

ಪಕ್ಕಕ್ಕೆ ತಿರುಗುವುದು, ಕೈ ಬದಲಿಸುವುದು

ಇವು ಧೈರ್ಯವಂತರಿಗೆ. ಸ್ಯಾಮ್ ಸ್ನೀಡ್ ಅರವತ್ತರ ದಶಕದಲ್ಲಿ ಚೆಂಡಿನ ಗೆರೆಯ ಎರಡೂ ಕಡೆ ಕಾಲಿಟ್ಟು, ಹೋಲ್‌ಗೆ ಮುಖ ಮಾಡಿ ಹೊಡೆದರು. 1968ರಲ್ಲಿ ಅದನ್ನು ನಿಷೇಧಿಸಿದರು. ಸ್ನೀಡ್ ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ತಂದು ಮುಂದುವರಿಸಿದರು, ಅದು ಇವತ್ತಿಗೂ ಸರಿ. ಆದರೆ ಪಟರ್ ಶಾಫ್ಟ್ ನೆಟ್ಟಗೆ ಇರುವಂತಿಲ್ಲ, ಕನಿಷ್ಠ 10 ಡಿಗ್ರಿ ವಾಲಿರಬೇಕು ಎಂಬ ನಿಯಮ ಇದೆ. ಹಾಗಾಗಿ ಈ ಶೈಲಿ ಅಂದುಕೊಂಡಷ್ಟು ಸಲೀಸಲ್ಲ. ಇದರ ಬದಲು ಎಡಗೈ ಆಟಗಾರರಂತೆ ನಿಂತು ಹೊಡೆಯುವುದು ನನಗೆ ಹೆಚ್ಚು ಇಷ್ಟ. ಎರಡೂ ಮುಖ ಒಂದೇ ತರಹ ಇರುವ ಪಟರ್‌ಗೆ ನಿಯಮದಲ್ಲಿ ಅವಕಾಶ ಇದೆ. ಯಾರದ್ದಾದರೂ ಹಳೇ ಎಡಗೈ ಪಟರ್ ಸಿಕ್ಕರೆ ಖರ್ಚೂ ಇಲ್ಲ. ಆ ಕಡೆಯಿಂದ ನಿಮಗೆ ಕೆಟ್ಟ ಅಭ್ಯಾಸ ಯಾವುದೂ ಇಲ್ಲವಲ್ಲ.

ಕಣ್ಣು, ಗಮನ, ಲಯ

ಎರಡನೇ ಬಗೆಯವರು ಮೇಲಿನ ಅಂಗಡಿ ಸಾಮಾನುಗಳನ್ನು ಬಿಟ್ಟು ಇಲ್ಲಿಗೆ ಬರಬೇಕು. ಒತ್ತಡ ಕೈಯಲ್ಲಿಲ್ಲ, ಪಟರ್ ಬದಲಿಸಿದರೆ ಅದು ಹೊಸ ಪಟರ್‌ಗೂ ಬರುತ್ತದೆ.

ಆಟಗಾರರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಸಂಶೋಧನೆ ಮಾಡಿದ ಕ್ಯಾನಡಾದ ಜೋನ್ ವಿಕರ್ಸ್ ಅವರ ಕೆಲಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಚೆನ್ನಾಗಿ ಪಟ್ ಮಾಡುವವರ ಕಣ್ಣು ಕೊನೆಯಲ್ಲಿ ಚೆಂಡಿನ ಒಂದೇ ಚುಕ್ಕೆಯ ಮೇಲೆ ಎರಡು ಮೂರು ಸೆಕೆಂಡ್ ನಿಲ್ಲುತ್ತದೆ, ಹೊಡೆದ ಮೇಲೂ ಕ್ಷಣಕಾಲ ಅಲ್ಲೇ ಇರುತ್ತದೆ. ಒತ್ತಡದಲ್ಲಿರುವವರ ಕಣ್ಣು ಹೋಲ್, ಚೆಂಡು, ಪಟರ್ ನಡುವೆ ಓಡಾಡುತ್ತದೆ. ಇದನ್ನು ಕಲಿಯಬಹುದು, ಮನೆಯ ಕಾರ್ಪೆಟ್ ಮೇಲೂ ಆಗುತ್ತದೆ.

ತದ್ವಿರುದ್ಧ ದಾರಿಯೂ ಇದೆ. ಜಾರ್ಡನ್ ಸ್ಪೀತ್ ಸಣ್ಣ ಪಟ್‌ಗಳಲ್ಲಿ ಚೆಂಡನ್ನು ಬಿಟ್ಟು ಹೋಲ್ ಕಡೆಗೇ ನೋಡುತ್ತ ಹೊಡೆಯುತ್ತಿದ್ದರು. ಪಟರ್ ತಾಗುವ ಕ್ಷಣ ಕಣ್ಣಿಗೆ ಬೀಳುವುದೇ ಇಲ್ಲ. ನರದ ಬಗೆಯವರಿಗೂ ಇದು ಕೆಲವೊಮ್ಮೆ ಕೆಲಸ ಮಾಡುತ್ತದೆ, ಏಕೆಂದರೆ ಜರ್ಕ್ ಕಾದು ಕೂತಿರುವುದು ಆ ಕ್ಷಣಕ್ಕೇ. ಎರಡನ್ನೂ ಪ್ರಯತ್ನಿಸಿ, ಒಂದೇ ಸುತ್ತಿನಲ್ಲಿ ಬೆರೆಸಬೇಡಿ.

ಮಾತ್ರೆ ಮತ್ತು ಚುಚ್ಚುಮದ್ದು

ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಎದೆಬಡಿತ, ಗಾಬರಿಯ ನಡುಕ ಇಳಿಸುತ್ತವೆ. ವೇದಿಕೆ ಏರುವ ಸಂಗೀತಗಾರರೂ ತೆಗೆದುಕೊಳ್ಳುವುದುಂಟು. ಆದರೆ ಗಾಲ್ಫ್‌ನಲ್ಲಿ ಪಂದ್ಯದ ವೇಳೆ ಇವು ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧ ಪಟ್ಟಿಯಲ್ಲಿವೆ. ಬಿಪಿಗಾಗಿ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೂ ಇದು ಅನ್ವಯ. ಡೋಪಿಂಗ್ ಪರೀಕ್ಷೆ ಇರುವ ಪಂದ್ಯಗಳಿಗೆ ಮೊದಲೇ ಅನುಮತಿ ಪಡೆಯಬೇಕು. ಹಾಗಂತ ಬಿಪಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಅಪಾಯ. ಆಸ್ತಮಾ ಇರುವವರು ಪ್ರೊಪ್ರನೊಲಾಲ್ ಮುಟ್ಟಲೇಬಾರದು. ಗೆಳೆಯರ ಜೇಬಿನಿಂದ ಮಾತ್ರೆ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ನರದ ಜರ್ಕ್‌ಗೆ ಇದು ಮದ್ದೂ ಅಲ್ಲ.

ಬೊಟುಲಿನಮ್ ಚುಚ್ಚುಮದ್ದು ಬೇರೆ ಕಥೆ. ಬರೆಯುವಾಗ ಕೈ ಸೆಟೆಯುವವರಿಗೆ ಇದನ್ನು ಬಹಳ ಕಾಲದಿಂದ ಕೊಡುತ್ತಿದ್ದಾರೆ. ಬಿಗಿಯುವ ಸ್ನಾಯುವನ್ನು ಹುಡುಕಿ ಅಲ್ಲಿಗೇ ಕೊಟ್ಟು ಸಡಿಲಿಸುತ್ತಾರೆ. ಪರಿಣಾಮ ಸುಮಾರು ಮೂರು ತಿಂಗಳು, ಆಮೇಲೆ ಮತ್ತೆ. ಅಕ್ಕಪಕ್ಕದ ಬೆರಳುಗಳೂ ಸೋಲಬಹುದು, ಡ್ರೈವರ್ (ದೂರ ಹೊಡೆಯುವ ಕ್ಲಬ್) ಹಿಡಿತ ಸಡಿಲ ಆಗಬಹುದು. ಹವ್ಯಾಸಕ್ಕೆ ಆಡುವವರಿಗೆ ಇದು ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಬರೆಯುವಾಗಲೂ ಕೈ ಕೆಡುತ್ತಿದ್ದರೆ ಲೆಕ್ಕ ಬೇರೆ, ಆಗ ಚಲನೆಯ ತೊಂದರೆಗಳನ್ನೇ ನೋಡುವ ನರರೋಗ ತಜ್ಞರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥವರಿದ್ದಾರೆ. ಸ್ಲೋ ಮೋಷನ್ ವಿಡಿಯೊ ಜೊತೆಗೆ ಒಯ್ಯಿರಿ, ಪಟರನ್ನೂ ಒಯ್ಯಿರಿ. ಆಸ್ಪತ್ರೆಯ ಕೋಣೆಯಲ್ಲಿ ಬರಿಗೈಯಲ್ಲಿ ಕೂತರೆ ಈ ತೊಂದರೆ ಕಾಣುವುದೇ ಇಲ್ಲ.

ಯಾರಿಗೆ ಯಾವುದು

ಪಂದ್ಯದ ದಿನ ಮಾತ್ರ ಕೆಡುವವರು ದುಡ್ಡು ಖರ್ಚು ಮಾಡಬೇಡಿ, ಕಣ್ಣಿನ ಅಭ್ಯಾಸಕ್ಕೆ ಒಂದು ತಿಂಗಳು ಕೊಡಿ. ಒಬ್ಬರೇ ಇದ್ದಾಗಲೂ ಜರ್ಕ್ ಬಂದು, ಅದು ಬಲಗೈಯದಾಗಿದ್ದರೆ ಕ್ಲಾ, ಜೊತೆಗೆ ದಪ್ಪ ಹಿಡಿ. ನಾಲ್ಕೈದು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಮಧ್ಯದ ಮೆಟ್ಟಿಲುಗಳನ್ನು ಬಿಟ್ಟು ನೇರ ಉದ್ದ ಪಟರ್‌ಗೆ ಹೋಗಿ. ಎಡ ಮಣಿಕಟ್ಟು ಕುಸಿಯುವವರು ಮಾತ್ರ ಆರ್ಮ್‌ಲಾಕ್ ನೋಡಿ. ವಾರಕ್ಕೊಂದು ಸಲ ಗೆಳೆಯರ ಜೊತೆ ಆಡುವವರು, ದುಡ್ಡು ಹಾಕಲು ಇಷ್ಟ ಇಲ್ಲದವರು ಎಡಗೈಯಲ್ಲಿ ಪ್ರಯತ್ನಿಸಿ. ನಗುವವರು ಮೂರು ವಾರ ನಗುತ್ತಾರೆ, ಅಷ್ಟೇ ಅಲ್ವಾ.

ಚಿಪ್ ಮಾಡುವಾಗ ಬಂದರೆ

ಗ್ರೀನ್ ಅಂಚಿನಿಂದ ಚಿಪ್ ಮಾಡುವಾಗ (ಚೆಂಡನ್ನು ಸ್ವಲ್ಪ ಎತ್ತಿ ಹೊಡೆಯುವಾಗ) ಕೈ ಜರ್ಕ್ ಹೊಡೆದು ನೆಲ ಅಗೆಯುವವರಿಗೆ ಮೇಲಿನ ಪಟರ್‌ಗಳು ಯಾವುದೂ ಉಪಯೋಗಕ್ಕಿಲ್ಲ. ಅವರಿಗೆ ಎರಡು ದಾರಿ. ಹುಲ್ಲು ಗಿಡ್ಡ ಇದ್ದಲ್ಲೆಲ್ಲ ಪಟರ್‌ನಲ್ಲೇ ಉರುಳಿಸಿ, ಇಲ್ಲವೇ ಹೈಬ್ರಿಡ್ ಕ್ಲಬ್ ತೆಗೆದುಕೊಂಡು ಪಟ್ ಮಾಡಿದ ಹಾಗೆ ಹೊಡೆಯಿರಿ. ಬಂಕರ್ (ಮರಳಿನ ಗುಂಡಿ) ದಾಟಿಸಲೇಬೇಕಾದ ಕಡೆ ಎಡಗೈ ಕೆಳಗಿಟ್ಟು ಚಿಪ್ ಮಾಡಿ. ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಹೀಗೇ ಚಿಪ್ ಮಾಡುತ್ತಾರೆ, 2022ರ ಯುಎಸ್ ಓಪನ್ ಗೆದ್ದಿದ್ದಾರೆ. ಮೊದಲ ದಿನ ಚೆಂಡಿನ ಬದಲು ಹುಲ್ಲಿನ ಮೇಲೆ ಬಿದ್ದ ಎಲೆಗಳಿಗೆ ಹೊಡೆಯುತ್ತ ಶುರು ಮಾಡಿ, ಚೆಂಡು ಆಮೇಲೆ ಇಡಿ.